ಮಾನಿಟರಿಗೆ ಬೆನ್ನು ಹಾಕಿ

ಮೂತ್ರ ಕೆಂಪಗಿತ್ತು. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೆವು, ಅದೇ ಇರಬೇಕು ಎಂದುಕೊಂಡು ಫ್ಲಶ್ ಮಾಡಿದೆ. ಮರುದಿನ ಮಾಡಿದ್ದು ಸೋರೆಕಾಯಿ ಪಲ್ಯ.

ಆಗಲೂ ಕೆಂಪು.

ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಯೂರಿನ್ ಟೆಸ್ಟ್ ಮಾಡಿಸಿ, ತಡಮಾಡದೆ ಸಿಟಿ ಸ್ಕ್ಯಾನ್‌ಗೆ ಬರೆದರು. ಅದೂ ನಮ್ಮ ಯಜಮಾನರು ಕೆಲಸ ಮಾಡುವ ಆಸ್ಪತ್ರೆಗೇ. ಧಾರವಾಡದಲ್ಲಿ ಅವರು ರೇಡಿಯಾಲಜಿಸ್ಟ್, ವರ್ಷಗಟ್ಟಲೆ ಸ್ಕ್ಯಾನ್ ಓದಿ ರಿಪೋರ್ಟ್ ಬರೆದವರು. ಇಲ್ಲಿ, ಈ ಪರದೇಶದಲ್ಲಿ, ಡಾಕ್ಟರಾಗಲು ಬೇಕಾದ ಪರೀಕ್ಷೆ ಇನ್ನೂ ಮುಗಿದಿಲ್ಲ, ಲೈಸೆನ್ಸ್ ಸಿಕ್ಕಿಲ್ಲ. ಅದಕ್ಕೇ ಸ್ಕ್ಯಾನಿಂಗ್ ವಿಭಾಗದಲ್ಲಿ ಅಸಿಸ್ಟಂಟ್. ರೋಗಿಯನ್ನು ಕರೆತರಬಹುದು, ಟೇಬಲ್ ಮೇಲೆ ಮಲಗಿಸಬಹುದು, ನೀರು ಕೊಡಬಹುದು. ಚಿತ್ರದಲ್ಲಿ ಏನಿದೆ ಎಂದು ಮಾತ್ರ ಹೇಳುವಂತಿಲ್ಲ.

ಅವತ್ತು ರಜೆ ಹಾಕಿ ಬರೀ ಗಂಡನಾಗಿ ಬಂದಿದ್ದರು. ನನ್ನ ಬಳೆ, ತಾಳಿ ಎಲ್ಲ ಕರ್ಚೀಫಿನಲ್ಲಿ ಗಂಟು ಕಟ್ಟಿ ಹಿಡಿದು ಹೊರಗೆ ಕೂತಿದ್ದರು. ಸ್ಕ್ಯಾನ್ ಮುಗಿಸಿ ನಾನು ಬರುವಾಗ ಕಂಟ್ರೋಲ್ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾನಿಟರ್. ಅವರ ಕಣ್ಣು ಅತ್ತ ಹೋಯಿತು. ಒಂದೇ ನೋಟ.

ಆಮೇಲೆ ಅವರು ನೆಲಕ್ಕೆ ಕೂತು ನನ್ನ ಶೂ ಲೇಸ್ ಕಟ್ಟಿದರು.

ಮದುವೆಯ ದಿನ ಕಾಲುಂಗುರ ತೊಡಿಸಿದ್ದು ಬಿಟ್ಟರೆ ಅವರು ನನ್ನ ಕಾಲು ಮುಟ್ಟಿದವರಲ್ಲ. ಬಲ ಶೂಗೆ ಗಂಟಿನ ಮೇಲೆ ಗಂಟು ಹಾಕಿದರು. ಎಡದ್ದನ್ನು ಮರೆತೇ ಎದ್ದು ನಿಂತರು.

ಕ್ರೋಯ್ಡನ್‌ನ ಮನೆಗೆ ಹೋಗುವ ಟ್ರಾಮಿನಲ್ಲಿ ಕೇಳಿದೆ.

"ಏನ್ ಕಂಡ್ರಿ?"

"ರಿಪೋರ್ಟ್ ಬರಲಿ, ಸುಧಾ."

"ನೀವು ಸ್ಕ್ಯಾನ್ ನೋಡೀರಿ. ನಾ ನಿಮ್ಮ ಮುಖ ನೋಡೀನಿ."

"ಇಲ್ಲೆ ನಾ ಅಸಿಸ್ಟಂಟ್. ಹೇಳೂ ಹಂಗಿಲ್ಲ."

"ಹೆಂಡ್ತಿ ಜೋಡಿ ಮಾತಾಡ್ಲಿಕ್ಕೂ ಲೈಸೆನ್ಸ್ ಬೇಕೇನ್ರಿ?"

ಕಾನ್ವೆಂಟಿನ ಸಿಸ್ಟರ್‌ಗಳು ರೂಢಿ ಮಾಡಿಸಿದ ಮೆಲುದನಿ ಅವತ್ತು ಕೈಕೊಟ್ಟಿತು. ಎದುರಿಗಿದ್ದ ಅಜ್ಜಿ ಪೇಪರ್ ಇಳಿಸಿ ನೋಡಿದಳು. ಇವರು ಕಿಟಕಿಯ ಕಡೆ ತಿರುಗಿದರು. ಕರ್ಚೀಫಿನ ಗಂಟು ಇನ್ನೂ ಅವರ ಕೈಯಲ್ಲೇ ಇತ್ತು.

ಕೊನೆಗೆ ರಿಪೋರ್ಟ್ ಬಂತು: ಎಡ ಕಿಡ್ನಿಯಲ್ಲಿ ಟ್ಯೂಮರ್.

ಕನ್ಸಲ್ಟೆಂಟ್ ಡಾಕ್ಟರು ಮೆತ್ತಗೆ ಹೇಳಿದರು: ಕಿಡ್ನಿ ತೆಗೆಯಬೇಕು, ಹರಡಿದಂತಿಲ್ಲ. ನಾನು ಯಜಮಾನರನ್ನೇ ನೋಡುತ್ತಿದ್ದೆ. ಬೆಚ್ಚಿದ್ದು ನಾನೊಬ್ಬಳೇ. ಇವರು ಬೆಚ್ಚಿ ಆಗಿತ್ತು, ಒಬ್ಬರೇ, ನನ್ನ ಪಕ್ಕದಲ್ಲೇ ಇದ್ದುಕೊಂಡು, ಅಷ್ಟೂ ದಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆಯುತ್ತಾ.

ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ಕಿತ್ತಳೆ ಬಿಡಿಸುತ್ತಾ ತಾವಾಗಿಯೇ ಅಂದರು: "ಇಷ್ಟ್ ವರ್ಷದಾಗ ನನ್ನ ಕಣ್ಣು ತಪ್ಪಿರಲಿ ಅಂತ ದೇವರಿಗೆ ಬೇಡಿಕೊಂಡದ್ದು ಅದೇ ಮೊದಲು. ಹೇಳಿಬಿಟ್ರ ಅದು ಖರೇನ ಆಗ್ತದೇನೋ ಅನಿಸ್ತು. ನಿಯಮ ಒಂದ ನೆಪ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಿತ್ತಳೆಯ ನಾರು ಕೂಡ ಬಿಡದೆ ತೆಗೆದು ಕೈಗಿಟ್ಟಿದ್ದರು.

ಸೀನು ಬಂದರೆ ಹೊಟ್ಟೆಯ ಗಾಯ ಎಳೆಯುತ್ತದೆ, ಈಗಲೂ ದಿಂಬು ಅಪ್ಪಿಕೊಳ್ಳುತ್ತೇನೆ. ಆದರೆ ನಡೆಯುತ್ತೇನೆ, ಉಣ್ಣುತ್ತೇನೆ. ಮೊನ್ನೆ ಮತ್ತೆ ಸ್ಕ್ಯಾನ್ ಇತ್ತು. ಹೊರಗೆ ಬಂದಾಗ ಅದೇ ಬಾಗಿಲು ಅರ್ಧ ತೆರೆದಿತ್ತು. ಇವರು ಮಾನಿಟರಿಗೆ ಬೆನ್ನು ಹಾಕಿ, ಕೈ ತೊಳೆಯುವುದು ಹೇಗೆಂಬ ಪೋಸ್ಟರ್ ಓದುತ್ತಾ ನಿಂತಿದ್ದರು. ಕೈಯಲ್ಲಿ ನನ್ನ ಶೂ.

"ನೋಡಿದ್ರೇನು?"

"ಇಲ್ಲ."

"ಯಾಕ?"

"ಈ ಸಲ ಇಬ್ಬರೂ ಕೂಡೇ ಕಾಯೂಣು."

ರಿಪೋರ್ಟ್ ಇನ್ನೂ ಬಂದಿಲ್ಲ. ಮೊನ್ನೆ ಲೇಸ್ ನಾನೇ ಕಟ್ಟಿಕೊಂಡೆ. ಬಗ್ಗಲು ಬರುತ್ತದೆ ಈಗ.