ಮೂಗಿಗೆ ಮಾತ್ರ

ಕೈಲಾಂಚದ ಹತ್ತಿರವಿರುವ ನನ್ನ ಚಿಕ್ಕಪ್ಪನ ಮನೆಯಲ್ಲಿ ಗಾಜಿನ ಲೋಟವೆಂಬುದೇ ಇಲ್ಲ. ಚಿಕ್ಕಪ್ಪ ಕುಡಿಯುತ್ತಿದ್ದ ಕಾಲದಲ್ಲಿ ಕೆಲವು ಗೋಡೆಗೆ ಬಡಿದು ಚೂರಾದವು. ಅವರು ಕಬ್ಬಾಳಮ್ಮನ ಗುಡಿಯ ಹೊಸ್ತಿಲು ಮುಟ್ಟಿ ಕುಡಿತ ಬಿಟ್ಟು ಬಂದ ದಿನ, ಉಳಿದವನ್ನು ಚಿಕ್ಕಮ್ಮ ಗೋಣಿಚೀಲಕ್ಕೆ ತುಂಬಿ ಗುಜರಿಯವನ ಕೈಗಿತ್ತರು. ಹಾಗಾಗಿ ಮಿತ್ರರೇ, ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಮೆಲ್ಲಗೆ ಆಡಿಸಿ ಪರಿಮಳ ಎಬ್ಬಿಸಬೇಕು ಎಂದೆಲ್ಲ ಬಲ್ಲವರು ವಿಧಿಸುವ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ನಾನು ಮೊದಲ ಬಾರಿಗೆ ಕಂಡದ್ದು ಸ್ಟೀಲ್ ಲೋಟದ ತಳದಲ್ಲಿ.

ನಾನು ಕನಕಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಹಳೆಯ ಸಹಪಾಠಿಯೊಬ್ಬ ರಾಮನಗರದಲ್ಲಿ ಸಿಕ್ಕಿ, ಸ್ನೇಹದ ಗುರುತೆಂದು ಆ ಬಾಟಲಿಯನ್ನು ಕೊಟ್ಟ. ಆ ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಉಳಿಯುವುದೆಂದು ಮೊದಲೇ ಮಾತಾಗಿತ್ತು. ಬಾಟಲಿಯನ್ನು ಬ್ಯಾಗಿನ ತಳದಲ್ಲಿ ಪಂಚೆ ಸುತ್ತಿ ಅಡಗಿಸಿಟ್ಟಿದ್ದೆ. ಆದರೆ ಬ್ಯಾಗನ್ನು ಒಳಗಿಡಲೆಂದು ಎತ್ತಿಕೊಂಡ ಚಿಕ್ಕಪ್ಪನಿಗೆ ಒಳಗಿನ ಸಣ್ಣ ಗುಳುಗುಳು ಸದ್ದೇ ಸಾಕಾಯಿತು.

"ಏನ್ಲಾ, ಒಳ್ಳೇ ಮಾಲೇ ಇದ್ದಂಗೈತೆ? ತಗಿ, ನೋಡವ."

ಹಿಂದಿನ ದಿನವಷ್ಟೇ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿತ್ತು. ಮನೆಯೊಳಗೆ ರೇಷ್ಮೆಹುಳು ಇದ್ದಿದ್ದರೆ ಆ ಬಾಟಲಿಯ ಬಿರಟೆ ತೆಗೆಯುವ ಮಾತೇ ಇರಲಿಲ್ಲ. ಹೊಗೆ, ಅತ್ತರು, ಒಗ್ಗರಣೆಯ ಘಾಟು, ಯಾವುದನ್ನೂ ತಾಳದ ಸೂಕ್ಷ್ಮ ಜೀವಿಗಳವು. ಈಗ ಮನೆ ಖಾಲಿಯಾಗಿ, ತೊಳೆದು, ಹೊತ್ತು ಇಳಿಯುವ ಬಿಸಿಲಿಗೆ ಬಾಗಿಲು ತೆರೆದುಕೊಂಡಿತ್ತು. ಚಿಕ್ಕಮ್ಮ ಹಿತ್ತಲಲ್ಲಿ ಹುಳು ಸಾಕುವ ತಟ್ಟೆಗಳನ್ನು ಉಜ್ಜುತ್ತಿದ್ದರು.

ನಾನು ಅನುಮಾನಿಸಿದ್ದನ್ನು ಕಂಡು ಚಿಕ್ಕಪ್ಪ ನಕ್ಕರು. "ಬಾಯಿಗೆ ಮುಟ್ಸಾಕಿಲ್ಲ ಅಂತ ಅಮ್ಮನ ಮುಂದೆ ಅಂದಿವ್ನಿ. ಮೂಗಿನ ಸುದ್ದಿ ಎತ್ತಿಲ್ಲ ಕಣ್ಲಾ. ಹಾಕು ಒಸಿ."

ಎರಡು ಲೋಟಕ್ಕೆ ತುಸು ತುಸು ಬಗ್ಗಿಸಿದೆ. ಮೇಷ್ಟ್ರ ಚಾಳಿ ಬಿಡುತ್ತದೆಯೇ? ವಿವರಿಸಲು ಶುರುಮಾಡಿದೆ. ಚಳಿ ದೇಶದ ಜೌಗು ನೆಲದಲ್ಲಿ ಹುಲ್ಲು ಪಾಚಿಗಳು ಪೂರ್ತಿ ಕೊಳೆಯಲೂ ಆಗದೆ, ಮಣ್ಣಾಗಲೂ ಆಗದೆ, ತಲೆತಲಾಂತರ ಅಡಗಿ ಕೂತು ಪೀಟ್ ಎಂಬ ಕಪ್ಪು ಹೆಂಟೆಯಾಗುತ್ತವೆ. ಅದನ್ನು ಕಡಿದು, ಬೆರಣಿಯಂತೆ ಒಣಗಿಸಿ ಉರಿಸುತ್ತಾರೆ. ನಾವು ರಾಗಿಗೆ ಮೊಳಕೆ ಕಟ್ಟುವಂತೆ ಮೊಳಕೆ ಬರಿಸಿದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿ, ಆಮೇಲೆ ಹುಳಿಸಿ, ಭಟ್ಟಿ ಇಳಿಸುತ್ತಾರೆ. ಇಳಿದ ಮದ್ಯ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಅದೂ ಹೊಸ ಪೀಪಾಯಿಯಲ್ಲ. ಒಳಮೈ ಸುಟ್ಟುಕೊಂಡು, ಬೋರ್ಬನ್ ಎಂಬ ಅಮೆರಿಕದ ಮುಸುಕಿನ ಜೋಳದ ಮದ್ಯವನ್ನು ವರ್ಷಗಟ್ಟಲೆ ಹೊತ್ತು ಇಳಿಸಿದ್ದು. ಹಳೆಯ ಮದ್ಯ ಹೋದರೂ ಅದರ ಸಿಹಿ ಮರದ ನರನರದಲ್ಲಿ ಉಳಿದು ಹೊಸದಕ್ಕೆ ಇಳಿಯುತ್ತದೆ ಎಂದೆ.

"ಅಂದ್ರೆ ಪೀಪಾಯೀನೂ ನನ್ನಂಗೇ ಅನ್ನು. ಬುಟ್ಮೇಲೂ ವಾಸ್ನೆ ಹೋಗಾಕಿಲ್ಲ," ಎಂದರು ಚಿಕ್ಕಪ್ಪ.

ಖಾಲಿಯಾದದ್ದೆಲ್ಲ ಬರಿದಾಗಿರುವುದಿಲ್ಲ ಎಂಬುದನ್ನು ನಾನು ಪಾಠದಂತೆ ಹೇಳಿದ್ದೆ. ಅವರು ಅದನ್ನು ಒಂದು ಮಾತಿನಲ್ಲಿ ಮೈಮೇಲೆ ಹಾಕಿಕೊಂಡರು. ಲೋಟವನ್ನು ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿದರು. "ಥೂ, ಆಸ್ಪತ್ರೆ ವಾಸ್ನೆ," ಎಂದರು ಮೊದಲು. ಆಮೇಲೆ, "ಮಳೇಲಿ ನೆಂದ ತಿಪ್ಪೆಗೆ ಬೆಂಕಿ ಬಿದ್ದಂಗೈತೆ." ಮತ್ತೊಮ್ಮೆ ಆಳವಾಗಿ ಎಳೆದುಕೊಂಡು, ದನಿ ತಗ್ಗಿಸಿ, "ಅಡೀಲಿ ಆಲೆಮನೆ ಐತೆ ಕಣ್ಲಾ. ಬೆಲ್ಲ ತಳ ಹಿಡೀತಾ ಐತೆ."

ನಾನು ಒಂದು ಗುಟುಕು ಹೀರಿದೆ. ನಾಲಿಗೆಯ ಮೇಲೆ ಮೊದಲು ಬೂದಿ, ಆಮೇಲೆ ಉಪ್ಪು, ಅದು ಕರಗುವ ಹೊತ್ತಿಗೆ ಎಲ್ಲೋ ದೂರದಿಂದ ಬಂದಂತೆ ಸುಟ್ಟ ಬೆಲ್ಲದ ಸವಿ. ಗಂಟಲು ದಾಟಿದ ಮೇಲೂ ಹೊಗೆ ಬಾಯಿ ಬಿಟ್ಟು ಹೋಗಲೊಲ್ಲದು. ಸವಿಯಲ್ಲಿ ಮೈಮರೆತು ತಲೆ ಎತ್ತಿದಾಗ, ಚಿಕ್ಕಪ್ಪನ ಲೋಟ ಮೂಗಿನಿಂದ ಒಂದಿಷ್ಟು ಕೆಳಗಿಳಿದಿತ್ತು. ತುಟಿಗೂ ಅಂಚಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ನಾನು ನೋಡುತ್ತಲೇ ಕೂತೆ.

ಹಿತ್ತಲ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ಚನ್ನಪಟ್ಟಣಕ್ಕೆಂದು ಹೋದ ಗಂಡ ಕೆಂಗಲ್ಲಿನ ರಸ್ತೆಬದಿಯಲ್ಲಿ ಬಿದ್ದಿದ್ದಾನೆಂದು ಯಾರಾದರೂ ಬಂದು ಹೇಳಿದಾಗಲೆಲ್ಲ, ಆಟೋ ಮಾಡಿಕೊಂಡು ಹೋಗಿ, ಬೈಯದೆ, ಏನೂ ಕೇಳದೆ ಕರೆತಂದು ಮಲಗಿಸುತ್ತಿದ್ದ ಹೆಂಗಸು ಅವರು. ಈಗಲೂ ಕೂಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಗಂಡನ ಕೈಯಿಂದ ಲೋಟ ತೆಗೆದುಕೊಂಡು, ಒಳಗಿದ್ದದ್ದನ್ನು ಕಷಾಯದ ಹಾಗೆ ಒಂದೇ ಸಲಕ್ಕೆ ಕುಡಿದುಬಿಟ್ಟರು. ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ಬಾಯಿಯೊಳಗೇ ಆ ರುಚಿಯನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು.

"ಇದ್ಕೇನಾ?" ಎಂದರು.

ಅದು ಬೈಗುಳವಾಗಿರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವರಿಗೆ. ಇಡೀ ಸಂಸಾರವನ್ನು ಎಳೆದಾಡಿದ ವಸ್ತು ಹೇಗಿರುತ್ತದೆಂದು ಅಲ್ಲಿಯವರೆಗೂ ಅವರು ನಾಲಿಗೆಗೆ ಹಚ್ಚಿ ನೋಡಿದವರಲ್ಲ.

ಚಿಕ್ಕಪ್ಪ ನೆಲ ನೋಡುತ್ತ ಕೂತಿದ್ದರು. "ರುಚಿಗೆ ಯಾರ್ ಕುಡೀತಿದ್ರು," ಎಂದರು. "ನಾನ್ ಕುಡೀತಿದ್ದುದ್ಕೆ ರುಚೀನೇ ಇರ್ನಿಲ್ಲ."

"ಮತ್ಯಾತುಕ್ಕೆ?"

ಹಾಗೆಂದವರೇ ಚಿಕ್ಕಮ್ಮ ಅಲ್ಲೇ ಗೋಡೆಗೊರಗಿ ಕೂತರು. ಬಿಸಿಯೇರಿದ ಮುಖದಲ್ಲಿ ಯಾವ ಅವಸರವೂ ಇರಲಿಲ್ಲ. ಚಿಕ್ಕಪ್ಪ ನನ್ನತ್ತ ಒಮ್ಮೆ ನೋಡಿದರು. ಆ ನೋಟದ ಅರ್ಥ ತಿಳಿಯಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ಬಾಟಲಿಗೆ ಬಿರಟೆ ಹಾಕಿ, ಎತ್ತಿಕೊಂಡು ಹೊರಗೆ ಬಂದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತೆ.

ಚಿಕ್ಕಪ್ಪ ಏನು ಹೇಳಿದರೋ ನನಗೆ ಗೊತ್ತಿಲ್ಲ. ಆಮೇಲೆ ನಾನೂ ಕೇಳಲಿಲ್ಲ. ಮಾತುಗಳು ತೋಟದವರೆಗೆ ಬರುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಬಿಸಿಲು ಜಾರಿ, ಹಾಲಿನ ಡೈರಿಗೆ ಹೋದವರು ಕ್ಯಾನು ಹಿಡಿದು ಹಿಂದಿರುಗುವ ಹೊತ್ತಾದರೂ ಒಳಗೆ ಚಿಕ್ಕಪ್ಪನ ದನಿ ತಡೆದು ತಡೆದು ನಡೆದೇ ಇತ್ತು. ಚಿಕ್ಕಮ್ಮ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.