ಸ್ಟೀರಿಂಗ್ ಕೆಳಗಿನ ಕಪ್ಪು ಪೊಟ್ಟಿ

ಹನುಮಂತನಪಟ್ಟಿಯ ದ್ರಾಕ್ಷಿ ತೋಟಕ್ಕೆ ನಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಒಂದು ವಾರ ದಿನಾ ಬೆಳಿಗ್ಗೆ ಅದು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಬದಲಿಸಿದರೂ ಬೆಳಗಾಗುವಷ್ಟರಲ್ಲಿ ಖಾಲಿ. ಉತ್ತಮಪಾಳಯಂನಿಂದ ಬಂದ ಎಲೆಕ್ಟ್ರಿಷಿಯನ್ ಬ್ಯಾಟರಿಗೆ ಮೀಟರ್ ಜೋಡಿಸಿ, ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಕರೆಂಟು ಹರಿಯುವುದು ನಿಲ್ಲಲಿಲ್ಲ. ಕೊನೆಗೆ ಸ್ಟೀರಿಂಗ್ ಕೆಳಗೆ ಕೈಹಾಕಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಕಪ್ಪು ಪೆಟ್ಟಿಗೆಯೊಂದನ್ನು ಹೊರಗೆಳೆದ.

“ಅಕ್ಕಾ, ಗಾಡಿ ಎಲ್ಲೆಲ್ಲಿ ಹೋಯ್ತದೆ ಅಂತ ಫೋನ್ಗೆ ಹೇಳೋ ಪೊಟ್ಟಿ ಇದು. ಬ್ಯಾಟರೀಲಿಂದ ನೇರ ವೈರು ಎಳ್ದವ್ರೆ. ನೀವು ಹಾಕ್ಸಿದ್ದಾ?”

ನಾನು ಜಗಲಿಯಲ್ಲಿ ಕೂತಿದ್ದ ಗಂಡನನ್ನು ನೋಡಿದೆ.

“ನಿನ್ನ ಒಳ್ಳೇದ್ಕೇ ಹಾಕ್ಸ್ದೆ,” ಎಂದರು, ತಲೆ ಎತ್ತದೆ.

ಹತ್ತೊಂಬತ್ತು ವರ್ಷ ಅವರ ಜೊತೆ ಬಾಳಿದವಳು ನಾನು. ಹೊರಗಿನವನೆದುರು ನಾಚಿಕೆಯಿಂದ ಮೈ ಸುಟ್ಟಂತಾಯಿತು.

“ಕಿತ್ತಾಕಪ್ಪಾ,” ಎಂದೆ.

ಮರುದಿನ ಕಾರು ತಕ್ಷಣ ಸ್ಟಾರ್ಟ್ ಆಯಿತು. ಎಲ್ಲಿಗೆ ಹೋಗುತ್ತೇನೆಂದು ಅವರಿಗೆ ಹೇಳುವುದನ್ನು ಅಂದಿನಿಂದ ಬಿಟ್ಟೆ.