ಮೊಬೈಲ್ ಹೇಳಿದ ಆಯಸ್ಸು

"ಯಾಕವ್ವ, ಮಕ ಇಂಗ್ ಬಾಡೋಗದೆ?" ಹಾಲು ತಂದ ನಿಂಗಮ್ಮ ಕೇಳಿದಾಗ ನನ್ನ ಕಣ್ಣು ತುಂಬಿತು. ಎಪ್ಪತ್ತೆರಡು ವರ್ಷದ ನನಗೆ, ವಯಸ್ಸು ಕೇಳದೆ ಅಭ್ಯಾಸಗಳನ್ನಷ್ಟೇ ಕೇಳುವ ಆನ್‌ಲೈನ್ ಟೆಸ್ಟೊಂದು, ವಾರದ ಹಿಂದೆ, ಆಯಸ್ಸು ಎಪ್ಪತ್ತಮೂರು ಎಂದಿತ್ತು.

"ನಂದೂ ವಸಿ ನೋಡವ್ವ" ಎಂದು ಅವಳು ಪಕ್ಕದಲ್ಲೇ ಕುಕ್ಕರಿಸಿದಳು. ಎಲೆಅಡಿಕೆ, ಹೊಗೆಸೊಪ್ಪು ಎಲ್ಲವನ್ನೂ ಸಿನ್ಸಿಯರ್ ಆಗಿ ಒತ್ತಿದೆ. ಎಕ್ಸರ್‌ಸೈಜ್? ಅಂಥದ್ದೇನೂ ಅವಳು ಮಾಡುವುದಿಲ್ಲವಂತೆ. ಬಂದ ಉತ್ತರ ಅರವತ್ತೆಂಟು. ನಿಂಗಮ್ಮನಿಗೆ ಆಗಲೇ ಎಂಬತ್ತು ದಾಟಿದೆ!

"ಅಂಗಾರೆ ಒತ್ತಾರೆ ಎಮ್ಮೆ ಕರ್ದೋಳು ಯಾರವ್ವ? ನನ್ ದೆವ್ವವಾ?"

ಕಿಕ್ಕೇರಿಯ ನಮ್ಮ ಬೀದಿಗೆಲ್ಲ ಕೇಳುವಂತೆ ಇಬ್ಬರೂ ನಕ್ಕೆವು.

ಕಾನ್ವೆಂಟಿನ ದಿನಗಳಿಂದಲೂ ಮಾರ್ಕ್ಸ್ ಎಂದರೆ ಸತ್ಯವೆಂದೇ ನಂಬಿದವಳು ನಾನು. ಬಿಪಿ ತೋರಿಸಲು ಈಗಲೂ ಡಾಕ್ಟರ ಹತ್ತಿರ ಹೋಗುತ್ತೇನೆ. ಆದರೆ ಒಂದು ವಾರದಿಂದ ಬಾರದಿದ್ದ ನಿದ್ದೆ ಅಂದು ಬಂತು. ನಾಳೆಯ ಹಾಲಿಗೆ ಪಾತ್ರೆ ತೊಳೆದಿಟ್ಟೇ ಮಲಗಿದೆ.